ಹೊತ್ತು ಮುಳುಗದಲ್ಲಿ ಸಂಧ್ಯೆ

ಕನ್ನಡದ ‘ಹೊತ್ತು’ ಎಂಬ ಪದ ಸೂರ್ಯನಿಗೂ ಸಲ್ಲುತ್ತದೆ, ಕಾಲಕ್ಕೂ ಸಲ್ಲುತ್ತದೆ. ಹಳಗನ್ನಡದ ‘ಪೊೞ್ತು’, ತೆಲುಗಿನ ‘ಪೊದ್ದು’ ಇವು ಅದೇ ಬೇರಿನ ಮಾತುಗಳು. ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯ ಹೊಲಗಳಲ್ಲಿ ‘ಹೊತ್ತು ಮುಳುಗಿತು’ ಎಂದವರು ಸೂರ್ಯನನ್ನು ಹೇಳುತ್ತಾರೆ, ಅದೇ ಬಾಯಲ್ಲಿ ‘ಹೊತ್ತಾಯಿತು, ಮನೆಗೆ ನಡೆಯಿರಿ’ ಎಂದಾಗ ಕಾಲವನ್ನು ಹೇಳುತ್ತಾರೆ. ಇವೆರಡೂ ಬೇರೆ ಬೇರೆ ಸಂಗತಿಗಳಿರಬಹುದೆಂಬ ಅನುಮಾನ ಅಲ್ಲಿ ಹುಟ್ಟುವ ಪ್ರಸಂಗವೇ ಬರುವುದಿಲ್ಲ. ಅದಕ್ಕೆ ಕಾರಣ ಆ ಸೀಮೆಯ ಅಕ್ಷಾಂಶ, ಅಂದರೆ ಭೂಮಧ್ಯರೇಖೆಯಿಂದ ಅದು ಎಷ್ಟು ದೂರದಲ್ಲಿದೆ ಎಂಬುದರ ಅಳತೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಉತ್ತರ ಅಕ್ಷಾಂಶ 14 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, ಜೂನ್ ತಿಂಗಳ ಅತಿ ದೀರ್ಘ ಹಗಲು ಅಲ್ಲಿ ಸುಮಾರು 32 ಗಳಿಗೆ, ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 28 ಗಳಿಗೆ. 24 ನಿಮಿಷಕ್ಕೆ ಒಂದು ಗಳಿಗೆ, ದಿನಕ್ಕೆ 60 ಗಳಿಗೆ ಎಂಬ ಹಳೆಯ ಲೆಕ್ಕದಲ್ಲಿ ವರ್ಷದ ಏರುಪೇರೆಲ್ಲ ನಾಲ್ಕು ಗಳಿಗೆಯ ಆಚೀಚೆಯಲ್ಲೇ ಮುಗಿಯುತ್ತದೆ. ಇಂಥ ನೆಲದಲ್ಲಿ ಬೆಳೆದ ಧರ್ಮಾಚರಣೆ ಸೂರ್ಯನನ್ನೇ ಗಡಿಯಾರವಾಗಿ ನಂಬಿಕೊಂಡಿತು. ಆ ಗಡಿಯಾರ ಮುಳುಗುವುದನ್ನೇ ಬಿಟ್ಟಾಗ ಆಚರಣೆಯ ಗತಿ ಏನಾಗುತ್ತದೆ?

ಪ್ರಶ್ನೆ ಬರಿಯ ಊಹೆಯದಲ್ಲ. ನಾರ್ವೆಯ ಕರಾವಳಿಯಲ್ಲಿ ಅಂಚೆ, ಸರಕು ಮತ್ತು ಜನರನ್ನು ಉತ್ತರದ ಊರುಗಳಿಗೆ ಮುಟ್ಟಿಸಲು ರಿಚರ್ಡ್ ವಿತ್ ಎಂಬ ಹಡಗಿನ ಕಪ್ತಾನ 1893ರಲ್ಲಿ ಆರಂಭಿಸಿದ ಸೇವೆ ಮುಂದೆ ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗಿನ ಹೆಸರಾಂತ ಕಡಲ ಪ್ರವಾಸವಾಗಿ ಬೆಳೆಯಿತು. ಯುರೋಪಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಊರಿನಿಂದ ಅವರನ್ನು ನೋಡಲು ಹೋದ ತಂದೆತಾಯಿಗಳಿಗೂ ಇಂದು ಆ ದಾರಿ ದೂರದ್ದಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಆ ತೀರಕ್ಕೆ ತಾಗುವುದರಿಂದ ಚಳಿಗಾಲದಲ್ಲೂ ಅಲ್ಲಿಯ ಬಂದರುಗಳು ಹೆಪ್ಪುಗಟ್ಟುವುದಿಲ್ಲ. ಹಡಗು 66 ಡಿಗ್ರಿ 33 ಕಲೆಯ ಉತ್ತರ ಧ್ರುವವೃತ್ತವನ್ನು ದಾಟಿದ ಮೇಲೆ ಬೇಸಿಗೆಯ ಕೆಲವು ದಿನ, ಮುಂದೆ ಹೋದಷ್ಟೂ ಹೆಚ್ಚು ದಿನ, ಸೂರ್ಯ ದಿಗಂತದ ಕೆಳಕ್ಕೆ ಇಳಿಯುವುದೇ ಇಲ್ಲ. 71 ಡಿಗ್ರಿಯನ್ನು ಮೀರಿದ ನಾರ್ಡ್‌ಕಾಪ್ ಎಂಬ ಭೂಶಿರದಲ್ಲಿ, ಕಡಲಿನಿಂದ 307 ಮೀಟರ್ ಎದ್ದು ನಿಂತ ಬಂಡೆಯ ಅಂಚಿನಿಂದ ನೋಡುವವರಿಗೆ, ಮೇ ತಿಂಗಳ ಮಧ್ಯದಿಂದ ಜುಲೈ ಕೊನೆಯವರೆಗೆ ಸುಮಾರು ಎರಡೂವರೆ ತಿಂಗಳು ಅವನು ಆಕಾಶದಲ್ಲೇ ಸುತ್ತುತ್ತಿರುತ್ತಾನೆ.

ಪಂಚಾಂಗವನ್ನು ಅಕ್ಷರಶಃ ಹಿಡಿದರೆ ಅಲ್ಲಿ ತೊಡಕು ಬೇಗನೆ ಕಾಣಿಸುತ್ತದೆ. ತಿಥಿಯೆಂದರೆ ಸೂರ್ಯಚಂದ್ರರ ನಡುವಿನ ಅಂತರ 12 ಡಿಗ್ರಿ ಬೆಳೆಯಲು ಹಿಡಿಯುವ ಅವಧಿ. ಅದಕ್ಕೆ ಊರಿನ ಹಂಗಿಲ್ಲ. ಆದರೆ ವಾರವು ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎಣಿಸುವಂಥದು, ಯಾವ ದಿನಕ್ಕೆ ಯಾವ ತಿಥಿ ಎಂಬುದನ್ನು ಹೆಚ್ಚಾಗಿ ನಿರ್ಣಯಿಸುವುದೂ ಸೂರ್ಯೋದಯವೇ. ಹಾಗಾದರೆ ಶನಿವಾರ ಮೂಡಿದ ಸೂರ್ಯ ಮುಳುಗದೆ ಹೋದ ಊರಿನಲ್ಲಿ ಎರಡೂವರೆ ತಿಂಗಳು ಶನಿವಾರವೇ ನಡೆಯಬೇಕು, ಪಾವಗಡದ ಶನಿಮಹಾತ್ಮನ ಒಕ್ಕಲಿನವರು ಅಷ್ಟೂ ದಿನ ಒಪ್ಪೊತ್ತಿನಲ್ಲೇ ಇರಬೇಕು. ಇದು ನಗೆಮಾತಾಗಿ ಕಂಡರೂ ಅದರೊಳಗೆ ಗಂಭೀರವಾದ ಒಂದು ಪ್ರಶ್ನೆ ಅಡಗಿದೆ: ಸೂರ್ಯನು ಕಾಲವನ್ನು ಮಾಡುತ್ತಾನೆಯೇ, ಅಥವಾ ಬೇರೆಲ್ಲೋ ಇರುವ ಕಾಲವನ್ನು ತೋರಿಸುತ್ತಾನೆಯೇ?

ಇಂಥ ಹಗಲನ್ನು ಕಾಣದೆಯೇ ಲೆಕ್ಕದಿಂದ ಬಲ್ಲವರು ಭಾರತದಲ್ಲಿದ್ದರು. ಮೇರು, ಅಂದರೆ ಉತ್ತರ ಧ್ರುವ, ಅಲ್ಲಿಯ ದೇವತೆಗಳಿಗೆ ಆರು ತಿಂಗಳು ಹಗಲು, ಆರು ತಿಂಗಳು ಇರುಳು ಎಂಬುದನ್ನು ಸೂರ್ಯಸಿದ್ಧಾಂತ ಹೇಳುತ್ತದೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ ಇನ್ನೂ ಮುಂದೆ ಹೋಗಿ, 66 ಡಿಗ್ರಿಗಿಂತ ಹೆಚ್ಚಿನ ಅಕ್ಷಾಂಶದ ನಾಡುಗಳಲ್ಲಿ ಸೂರ್ಯನ ಕ್ರಾಂತಿ, ಅಂದರೆ ಆಕಾಶದ ವಿಷುವದ್ವೃತ್ತದಿಂದ ಅವನು ಉತ್ತರಕ್ಕೆ ಸರಿದಿರುವ ಪ್ರಮಾಣ, 90 ಡಿಗ್ರಿಯಿಂದ ಅಕ್ಷಾಂಶವನ್ನು ಕಳೆದು ಉಳಿದುದನ್ನು ಮೀರಿರುವಷ್ಟು ಕಾಲವೂ ಹಗಲು ಎಡೆಬಿಡದೆ ಇರುತ್ತದೆಂದು ತೋರಿಸಿದ. ಇಂದು ಹಡಗಿನವರು ಪ್ರವಾಸಿಗರಿಗೆ ಕೊಡುವ ದಿನಾಂಕಗಳ ಪಟ್ಟಿಗೂ ಆಧಾರ ಇದೇ ಲೆಕ್ಕ. ಈ ತಿಳಿವಳಿಕೆ ಜನ ಅಲ್ಲಿ ಬಾಳಿದ್ದ ನೆನಪಿನಿಂದ ಬಂದದ್ದೆಂದು ಬಾಲಗಂಗಾಧರ ತಿಲಕರು 1903ರ ತಮ್ಮ ಗ್ರಂಥದಲ್ಲಿ ವಾದಿಸಿ, ವೇದದ ಉಷಸ್ಸಿನ ವರ್ಣನೆಗಳಲ್ಲಿ ಧ್ರುವಪ್ರದೇಶದ ನೀಳ ಮುಂಬೆಳಗನ್ನು ಕಂಡರು. ವಿದ್ವಾಂಸರು ಆ ವಾದವನ್ನು ಇಂದು ಒಪ್ಪುವುದಿಲ್ಲ, ಒಪ್ಪಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಗೋಲದ ಗಣಿತ ಬಲ್ಲವನಿಗೆ ಮೇರುವಿನ ಹಗಲನ್ನು ಅರಿಯಲು ಅಲ್ಲಿಗೆ ಹೋಗಿ ಬರಬೇಕಾಗಿರಲಿಲ್ಲ.

ದರ್ಶನಗಳ ಉತ್ತರ ಒಂದೇ ಬಗೆಯದಲ್ಲ. ಕಾಲವು ಒಂದೇ ಆದ, ನಿತ್ಯವಾದ, ಎಲ್ಲೆಡೆ ವ್ಯಾಪಿಸಿದ ದ್ರವ್ಯವೆಂದೂ ಸೂರ್ಯನ ಚಲನೆ ಅದಕ್ಕೆ ಉಪಾಧಿ, ಅಂದರೆ ಅಖಂಡವಾದುದನ್ನು ತುಂಡಾಗಿ ಕಾಣಿಸುವ ಹೊರಗಿನ ನಿಮಿತ್ತವೆಂದೂ ವೈಶೇಷಿಕರು ಹೇಳಿದರು. ಮಧ್ವಮತದಲ್ಲಿ ಕಾಲವನ್ನು ಸಾಕ್ಷಿಯೇ, ಎಂದರೆ ಜೀವನ ಒಳಗಿನ ಅರಿವೇ, ನೇರವಾಗಿ ಗ್ರಹಿಸುತ್ತದೆ. ಆದರೆ ಈ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರ ಬರುವವರು ಜೈನರು. ಅವರು ನಿಶ್ಚಯಕಾಲ ಮತ್ತು ವ್ಯವಹಾರಕಾಲವೆಂದು ಎರಡನ್ನು ಬೇರ್ಪಡಿಸುತ್ತಾರೆ: ಮೊದಲನೆಯದು ವಸ್ತುಗಳ ಮಾರ್ಪಾಟಿಗೆ ಒದಗುವ ದ್ರವ್ಯ, ಎರಡನೆಯದು ಗಳಿಗೆ, ದಿನ, ಮಾಸಗಳ ಎಣಿಕೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಮನುಷ್ಯಲೋಕದಲ್ಲಿ ಸೂರ್ಯಚಂದ್ರರು ಮೇರುವನ್ನು ಸುತ್ತುವುದರಿಂದಲೇ ಕಾಲದ ವಿಭಾಗ ಹುಟ್ಟುತ್ತದೆ, ಮನುಷ್ಯಲೋಕದ ಆಚೆ ಜ್ಯೋತಿಗಳು ನಿಂತಲ್ಲೇ ನಿಂತಿವೆ. ಗಡಿಯಾರದ ಕಾಲ ಮನುಷ್ಯರಿರುವ ಕಡೆಗಷ್ಟೇ ಸಲ್ಲುವ ಏರ್ಪಾಡು ಎಂಬ ಈ ಮಾತು, ಅದನ್ನು ಹೊತ್ತ ಭೂಗೋಳದ ಚಿತ್ರ ಇಂದು ನಿಲ್ಲದಿದ್ದರೂ, ವಿಚಾರವಾಗಿ ಇನ್ನೂ ನಿಲ್ಲುತ್ತದೆ.

ತತ್ತ್ವದಿಂದ ವ್ರತಕ್ಕೆ ಬಂದರೆ ಇದೇ ಭೇದ ಬೇರೆ ವೇಷದಲ್ಲಿ ಎದುರಾಗುತ್ತದೆ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬುದು ಜೈನ ಶ್ರಾವಕರ, ಅಂದರೆ ಗೃಹಸ್ಥರ, ನಿಯಮ. ಕತ್ತಲಲ್ಲಿ ಕಾಣದ ಹುಳುಹುಪ್ಪಟೆ ಅನ್ನಕ್ಕೆ ಬಿದ್ದು ಸಾಯುತ್ತವೆಂಬುದು ಅದರ ಕಾರಣ. ಕಾರಣವನ್ನೇ ಹಿಡಿದರೆ ನಾರ್ಡ್‌ಕಾಪ್‌ನ ನಡುರಾತ್ರಿಯಲ್ಲಿ ಬಡಿಸಿದ ಊಟಕ್ಕೆ ದೋಷವಿಲ್ಲ, ಬೆಳಕು ಬೇಕಾದಷ್ಟಿದೆ. ಆದರೆ ಸೂರ್ಯ ಮುಳುಗಲು ಎರಡು ಗಳಿಗೆ ಉಳಿದಿರುವಾಗಲೇ ಕೈತೊಳೆಯಬೇಕೆಂಬ ಕಟ್ಟುನಿಟ್ಟನ್ನೂ ಗ್ರಂಥಗಳು ಹೇಳುವುದನ್ನು ನೋಡಿದರೆ, ವ್ರತದ ಇನ್ನರ್ಧ ನಾಲಗೆಯ ಹತೋಟಿಯೆಂದು ತಿಳಿಯುತ್ತದೆ, ಅದಕ್ಕೆ ಬೆಳಕು ವಿನಾಯಿತಿ ಕೊಡಲಾರದು.

ಶಿರಾದ ಇನ್ನೊಂದು ಪರಂಪರೆಯಲ್ಲಿ ಈ ಚರ್ಚೆ ಮತ್ತೂ ಹಳೆಯದು. ಬಿಜಾಪುರದ ಅಧಿಕಾರಿ ಮಲಿಕ್ ರೆಹಾನ್‌ನ 17ನೆಯ ಶತಮಾನದ ಗೋರಿ ಇರುವ, 1687ರಿಂದ ಮೊಗಲರ ಸುಬಾಕ್ಕೆ ರಾಜಧಾನಿಯಾಗಿದ್ದ ಆ ಊರಿನಲ್ಲಿ ರಂಜಾನ್ ಉಪವಾಸ ಮುಂಬೆಳಗಿನಿಂದ ಸೂರ್ಯಾಸ್ತದವರೆಗೆ, ವರ್ಷದ ಯಾವ ತಿಂಗಳಲ್ಲಿ ಬಂದರೂ ಹೆಚ್ಚುಕಡಿಮೆ ಒಂದೇ ಅಳತೆಯದು. ವೋಲ್ಗಾ ನದಿಯ ದಂಡೆಯ ಬುಲ್ಗಾರ್ ಸೀಮೆಯ ಮುಸ್ಲಿಮರ ಪಾಡು ಬೇರೆಯಾಗಿತ್ತು. ಅಲ್ಲಿ ಬೇಸಿಗೆಯಲ್ಲಿ ಸಂಜೆಗೆಂಪು ಆರುವ ಮೊದಲೇ ಬೆಳಗಾಗುತ್ತಿದ್ದುದರಿಂದ, ಕತ್ತಲಾದ ಮೇಲೆ ಮಾಡಬೇಕಾದ ಇಷಾ ನಮಾಜಿಗೆ ಹೊತ್ತೇ ಒದಗುತ್ತಿರಲಿಲ್ಲ. ಕೈ ಕತ್ತರಿಸಿಹೋದವನಿಗೆ ಕೈ ತೊಳೆಯುವ ಕರ್ತವ್ಯ ತಪ್ಪುವಂತೆ ಹೊತ್ತು ಬಾರದವನಿಗೆ ಆ ನಮಾಜು ತಪ್ಪುತ್ತದೆಂದು ಹನಫಿ ಪಂಥದ ಬಕ್ಕಾಲಿ ಎಂಬ ವಿದ್ವಾಂಸ ವಾದಿಸಿದ. ಹೊತ್ತು ಬರಿಯ ಗುರುತು, ಗುರುತು ಅಳಿದರೆ ಕರ್ತವ್ಯ ಅಳಿಯದೆಂದು 15ನೆಯ ಶತಮಾನದ ಇಬ್ನುಲ್ ಹುಮಾಮ್ ಎದುರಾಡಿದ. ಲೋಕಾಂತ್ಯದ ಕಾಲದಲ್ಲಿ ಒಂದು ದಿನ ಒಂದು ವರ್ಷದಷ್ಟು ಬೆಳೆಯುತ್ತದೆಂದಾಗ, ಅಂದಿನ ನಮಾಜು ಒಂದೇ ದಿನದ್ದು ಸಾಕೇ ಎಂದು ಸಂಗಡಿಗರು ಕೇಳಿದರೆಂದೂ, ಸಾಲದು, ಅಂದಾಜು ಕಟ್ಟಿಕೊಳ್ಳಿರೆಂದು ಪ್ರವಾದಿಗಳು ಹೇಳಿದರೆಂದೂ ಹದೀಸಿನಲ್ಲಿ ಬರುವ ಪ್ರಸಂಗವೇ ಎರಡನೆಯ ಪಕ್ಷಕ್ಕೆ ಆಸರೆ. 2015ರ ರಂಜಾನ್ ಜೂನ್ ಮಧ್ಯದಿಂದ ಜುಲೈ ಮಧ್ಯಕ್ಕೆ ಬಿದ್ದು, ನಾರ್ವೆಯ ಟ್ರೋಮ್ಸೊ ನಗರದಲ್ಲಿ ಇಡೀ ತಿಂಗಳು ಸೂರ್ಯ ಮುಳುಗದೆ ಹೋದಾಗ ಅಲ್ಲಿ ನೆರವಿಗೆ ಬಂದದ್ದೂ ಈ ಅಂದಾಜೇ: ಮೆಕ್ಕಾದಲ್ಲಿ ಮುಳುಗಿದಾಗ ಇಲ್ಲಿ ಮುಳುಗಿದಂತೆ.

ಸಂಧ್ಯಾವಂದನೆಯ ವಿಷಯದಲ್ಲೂ ಬಕ್ಕಾಲಿಯ ವಾದವನ್ನು ಹೂಡಬಹುದು. ಸಂಧ್ಯೆಯೆಂದರೆ ಹಗಲಿರುಳುಗಳು ಕೂಡುವ ಬೆಸುಗೆ, ಇರುಳೇ ಇಲ್ಲದಲ್ಲಿ ಬೆಸೆಯುವುದು ಯಾವುದನ್ನು? ಆದರೆ ಅದು ನಿತ್ಯಕರ್ಮ, ಅಂದರೆ ಫಲದ ಆಸೆಯಿಂದಲ್ಲದೆ ಬಿಟ್ಟರೆ ದೋಷವೆಂಬ ಕಾರಣಕ್ಕೆ ಮಾಡುವ ಕರ್ಮ. ಹೊತ್ತು ಮೀರಿದರೆ ಪ್ರಾಯಶ್ಚಿತ್ತದ ಒಂದು ಅರ್ಘ್ಯವನ್ನು ಹೆಚ್ಚಿಗೆ ಕೊಟ್ಟಾದರೂ ಅದನ್ನು ನಡೆಸಬೇಕು. ಹೀಗೆ ಅಂದಾಜಿನ ಹೊತ್ತಿಗೆ ಎಲ್ಲರೂ ಬಂದು ನಿಲ್ಲುವರಾದರೆ, ಧರ್ಮ ಕೇಳುವ ಕಾಲ ಆಕಾಶದ್ದಾಗಿರದೆ ಒಟ್ಟಿಗೆ ಬಾಳುವವರ ಒಪ್ಪಂದದ್ದಾಗಿತ್ತೆಂದೂ, ಸೂರ್ಯ ಆ ಒಪ್ಪಂದಕ್ಕೆ ಯಾರೂ ಅಲ್ಲಗಳೆಯಲಾರದ ಸಾಕ್ಷಿಯಷ್ಟೇ ಆಗಿದ್ದನೆಂದೂ ಹೇಳಬೇಕಾಗುತ್ತದೆ. ಗಡಿಯಾರವೂ ಇದಕ್ಕೆ ಹೊರತಲ್ಲ. ಭಾರತದ ಸಮಯವನ್ನು ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ ಕಟ್ಟಿರುವುದರಿಂದ ಶಿರಾದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಿಂತ ಸರಾಸರಿ 22 ನಿಮಿಷ ತಡವಾಗಿ. ಟ್ರೋಮ್ಸೊದ ಬೇಸಿಗೆಯಲ್ಲಿ ಸೂರ್ಯನ ನಿಜವಾದ ನಡುರಾತ್ರಿ ಬರುವುದು ಹನ್ನೆರಡೂಮುಕ್ಕಾಲರ ಸುಮಾರಿಗೆ.

ಆದರೆ ಒಪ್ಪಂದ ತುಂಬಿಕೊಡಲಾರದ ನಷ್ಟವೂ ಒಂದಿದೆ, ಅದು ಕತ್ತಲೆಯದು. ಶಿರಾ ಸೀಮೆಯ ಕಾಡುಗೊಲ್ಲರು ಕಳುವರಹಳ್ಳಿಯ ಗುಡ್ಡದ ಜುಂಜಪ್ಪನ ಕಾವ್ಯವನ್ನು ಹಾಡುವುದಾಗಲಿ, ಬಯಲುಸೀಮೆಯ ಮೂಡಲಪಾಯದ ಆಟವಾಗಲಿ, ಶಿವರಾತ್ರಿಯ ಜಾಗರಣೆಯಾಗಲಿ ಇರುಳನ್ನೇ ನಂಬಿದಂಥವು; ನಿದ್ದೆಗೆ ಮೀಸಲಾದ ಹೊತ್ತನ್ನು ದೇವರಿಗೆ ಕೊಡುವುದರಲ್ಲೇ ಅವುಗಳ ಹುರುಳಿದೆ. ಮುಸ್ಸಂಜೆಯ ದೀಪವನ್ನು ಉರಿಯುವ ಬಿಸಿಲಿನ ಮುಂದೆ ಹಚ್ಚಬಹುದು, ಅದು ದೀಪವಾಗಿ ಕಾಣುವುದಿಲ್ಲ. ಎಡೆಬಿಡದ ಬೆಳಕು ದೇವತೆಗಳಿಗೂ ಭಾರವೆಂದು ಪುರಾಣ ಬಲ್ಲುದು: ಸೂರ್ಯನ ತೇಜಸ್ಸನ್ನು ತಾಳಲಾರದೆ ಹೆಂಡತಿ ಸಂಜ್ಞೆ ತನ್ನ ಜಾಗದಲ್ಲಿ ಛಾಯೆಯನ್ನು, ಅಂದರೆ ನೆರಳನ್ನು, ನಿಲ್ಲಿಸಿ ಹೊರಟುಹೋದಳು, ಆ ನೆರಳಿಗೆ ಹುಟ್ಟಿದವನೇ ಪಾವಗಡದಲ್ಲಿ ಪೂಜೆಗೊಳ್ಳುವ ಶನಿ. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹಾಸಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರಫಲಕಗಳೂ ಸಂಜೆಗೆ ಸುಮ್ಮನಾಗುತ್ತವೆ. ಮಗನ ಗುಡಿಗೂ ತಂದೆಯ ಕೊಯ್ಲಿಗೂ ಒಂದೇ ತಾಲ್ಲೂಕು ನೆಲೆಯಾದದ್ದು ಯಾವ ಪುರಾಣಿಕನೂ ಎಣಿಸದ ಜೋಡಿ.

ಹೊತ್ತು ಮುಳುಗದ ಸ್ಥಿತಿಯನ್ನು ಪರಮಪದವೆಂದು ಬಗೆದ ಮಾತೂ ಶ್ರುತಿಯಲ್ಲಿದೆ. ಛಾಂದೋಗ್ಯ ಉಪನಿಷತ್ತಿನ ಮಧುವಿದ್ಯೆ, ಅಂದರೆ ಸೂರ್ಯನನ್ನು ದೇವತೆಗಳ ಜೇನೆಂದು ಧ್ಯಾನಿಸುವ ಉಪಾಸನೆ, ಸೂರ್ಯನು ಮೂಡಣದಲ್ಲಿ, ಆಮೇಲೆ ತೆಂಕಣದಲ್ಲಿ, ಪಡುವಣದಲ್ಲಿ, ಬಡಗಣದಲ್ಲಿ, ಕೊನೆಗೆ ಮೇಲ್ಗಡೆಯಲ್ಲಿ ಉದಯಿಸುವನೆಂದು ಹೇಳುತ್ತ ಹೋಗಿ, ಅದೆಲ್ಲ ಮುಗಿದ ಮೇಲೆ ಅವನು ಹುಟ್ಟದೆ ಮುಳುಗದೆ ನಡುವೆ ಒಬ್ಬನೇ ನಿಲ್ಲುವನೆಂದೂ, ಇದನ್ನು ಅರಿತವನಿಗೆ ಎಂದೆಂದಿಗೂ ಒಂದೇ ಹಗಲೆಂದೂ ಸಾರುತ್ತದೆ. ಜೇನಿನಿಂದ ಹೆಸರು ಪಡೆದ ಮಧುಗಿರಿಯ ಏಕಶಿಲೆಯ ಬೆಟ್ಟದ ಮೇಲೆ ಕುಳಿತು ಇದನ್ನು ಧ್ಯಾನಿಸುವವನಿಗೆ, ಸಂಜೆ ಕಣ್ಣೆದುರೇ ಸೂರ್ಯ ಮುಳುಗುತ್ತಿರುವುದು ಅಡ್ಡಿಯಾಗದು. ನಾರ್ವೆಯ ಹಡಗಿನ ಪ್ರವಾಸಿಗೆ ಸಿಕ್ಕಿದ್ದು ಈ ಹಗಲೆಂದು ಭಾವಿಸಿದರೆ ಮಾತ್ರ ತಪ್ಪಾಗುತ್ತದೆ. ಉಪನಿಷತ್ತಿನ ಸೂರ್ಯ ನಿಂತಿದ್ದಾನೆ. ಉತ್ತರದ ಕಡಲಿನ ಸೂರ್ಯ ಒಂದು ಗಳಿಗೆಯೂ ನಿಲ್ಲದೆ ದಿಗಂತದ ಮೇಲೆ ಓರೆಯಾಗಿ ಸುತ್ತುತ್ತ, ಏರುತ್ತ, ಇಳಿಯುತ್ತ ಇರುತ್ತಾನೆ.

ಭಾಸ್ಕರಾಚಾರ್ಯನ ಇನ್ನೊಂದು ವಿವೇಚನೆ ಇಲ್ಲಿ ಒದಗುತ್ತದೆ. ಮೇರುವಿನಲ್ಲಿ ಸೂರ್ಯ ಮೂಡುವುದು ಅವನು ಮೇಷರಾಶಿಯನ್ನು ಹೊಕ್ಕಾಗ; ಲೋಕರೂಢಿಯಾದರೋ ದೇವತೆಗಳ ಹಗಲನ್ನು ಮಕರ ಸಂಕ್ರಾಂತಿಯಿಂದಲೇ, ಅಂದರೆ ಅವರ ನಡುರಾತ್ರಿಯಿಂದಲೇ, ಎಣಿಸುತ್ತದೆ. ಈ ರೂಢಿಯನ್ನು ತಪ್ಪೆಂದು ತಳ್ಳದೆ, ಸೂರ್ಯ ಹಗಲಿನತ್ತ ಮುಖಮಾಡಿದ್ದರಿಂದ ಅದನ್ನು ಹಗಲೆಂದೇ ಕರೆಯಲಾಗಿದೆಯೆಂದು ಅವನು ಬಿಡಿಸಿ ಹೇಳಿದ. ಈ ನ್ಯಾಯವನ್ನು ಹಡಗಿನ ಅಟ್ಟಕ್ಕೆ ತಂದರೆ ಸಂಧ್ಯೆ ಅಳಿದುಹೋಗಿಲ್ಲವೆಂದು ಕಾಣುತ್ತದೆ. ಜೂನ್ 21ರ ನಡುರಾತ್ರಿ ನಾರ್ಡ್‌ಕಾಪ್‌ನಲ್ಲಿ ಸೂರ್ಯ ದಿಗಂತದಿಂದ ನಾಲ್ಕೂವರೆ ಡಿಗ್ರಿಯಷ್ಟು ಮೇಲೆ, ತನ್ನ ಸುತ್ತಿನ ಅತಿ ಕೆಳಗಿನ ಬಿಂದುವಿಗೆ ಬಂದು, ಇಳಿಯುವುದನ್ನು ಮುಗಿಸಿ ಏರತೊಡಗುತ್ತಾನೆ. ಮುಳುಗುವ ಮುಖ ಮೂಡುವ ಮುಖವಾಗುವುದು ಅಲ್ಲೇ. ಊರಿನಲ್ಲಿ 28 ಗಳಿಗೆಯ ಇರುಳು ಬೇರ್ಪಡಿಸುತ್ತಿದ್ದ ಸಂಜೆಯ ಅರ್ಘ್ಯವೂ ಬೆಳಗಿನ ಅರ್ಘ್ಯವೂ ಆ ಬಿಂದುವಿನಲ್ಲಿ ಬೆನ್ನಿಗೆ ಬೆನ್ನು ತಾಗಿ ಬರುತ್ತವೆ, ಮತ್ತು ಅವೆರಡನ್ನೂ ಕೊಡುವವನು ಪಡುವಣಕ್ಕೂ ಮೂಡಣಕ್ಕೂ ತಿರುಗದೆ, ಸೂರ್ಯನಿರುವ ನೇರ ಬಡಗಣಕ್ಕೆ ಮುಖಮಾಡಿ ನಿಲ್ಲಬೇಕಾಗುತ್ತದೆ.