ಬಿಡುವು ಅನರ್ಥದಂಡವೇ?

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಪ್ರಯೋಜನವಿಲ್ಲದ ಪಾಪಕ್ರಿಯೆಯಿಂದ ದೂರವಿರಬೇಕೆಂಬುದು ಅದರ ತಾತ್ಪರ್ಯ. ವ್ಯಾಪಾರಸ್ಥರಾದ ನಾವು ಈ ವ್ರತವನ್ನು ನಮಗೆ ಒಗ್ಗುವಂತೆ ಓದಿಕೊಂಡಿದ್ದೇವೆ. ಲಾಭ ತರದ ಕೆಲಸವೆಲ್ಲ ಅನರ್ಥ, ಗುರಿಯಿಲ್ಲದೆ ಕಳೆದ ತಾಸು ವ್ಯರ್ಥ ಎಂದು ತಿಳಿಯುತ್ತೇವೆ. ಮಗನು ಪಠ್ಯಪುಸ್ತಕ ಬದಿಗಿಟ್ಟು ಬಸದಿಯ ಶಾಸನದ ಅಕ್ಷರಗಳನ್ನು ಬಿಡಿಸುತ್ತ ಕುಳಿತರೆ, “ಇದರಿಂದ ಏನು ಬಂತು?” ಎಂದು ಕೇಳುತ್ತೇವೆ. ಈ ಪ್ರಶ್ನೆಗೆ ಧರ್ಮದ ಬೆಂಬಲವಿದೆಯೇ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ಹೇಳಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪಾಪದ ಉದ್ಯೋಗಕ್ಕೆ ಸಲಹೆ ಕೊಡುವುದು, ಆಯುಧ ಒದಗಿಸುವುದು, ಪರರ ಕೇಡನ್ನು ಚಿಂತಿಸುವುದು, ಮನಸ್ಸನ್ನು ಕಲುಷಿತಗೊಳಿಸುವ ಮಾತಿಗೆ ಕಿವಿಗೊಡುವುದು, ಕಾರಣವಿಲ್ಲದೆ ನೆಲ ಅಗೆದು ನೀರು ಚೆಲ್ಲಿ ಗಿಡ ಕೀಳುವುದು. ಐದರಲ್ಲಿಯೂ ಜೀವಕ್ಕೋ ಮನಸ್ಸಿಗೋ ಪೆಟ್ಟು ಇದ್ದೇ ಇದೆ. ವ್ರತದ ಹೆಸರಿನಲ್ಲಿ ಭಾರವಿರುವುದು ‘ದಂಡ’ದ ಮೇಲೆ. ಲಾಭವಿಲ್ಲವೆಂಬ ಒಂದೇ ಕಾರಣಕ್ಕೆ ಅಲ್ಲಿ ಯಾವುದನ್ನೂ ನಿಷೇಧಿಸಿಲ್ಲ. ಪ್ರಮಾದವೆಂದರೆ ಎಚ್ಚರ ತಪ್ಪುವುದು. ಮುಂಜಾನೆಯಿಂದ ರಾತ್ರಿಯವರೆಗೆ ಗಲ್ಲೆಯ ಮುಂದೆ ಕುಳಿತವನಿಗೂ ಅದು ತಪ್ಪಿದ್ದಲ್ಲ.

ಇದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಅದು ಅಂಗಡಿಕಾರನಿಗೆ ಬೇಕಾದ ಗ್ರಂಥ. ತ್ರೈರಾಶಿಕ, ಬಡ್ಡಿ, ಬಂಗಾರದ ಬಣ್ಣ ಬೆರೆಸುವ ಲೆಕ್ಕ, ಹೊಲದ ಕ್ಷೇತ್ರಫಲ, ಅಗೆದ ಮಣ್ಣಿನ ಅಳತೆ ಎಲ್ಲವೂ ಅದರಲ್ಲಿವೆ. ಆದರೆ ಗುಣಾಕಾರದ ಭಾಗದಲ್ಲಿ ಆಚಾರ್ಯರು ಒಂದು ಆಟಕ್ಕೆ ತೊಡಗುತ್ತಾರೆ. 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 27994681ನ್ನು 441ರಿಂದ ಗುಣಿಸಿದರೆ 12345654321, ಏರಿ ಇಳಿಯುವ ಮಣಿಗಳ ಸರ. ಇಂಥ ಫಲಗಳನ್ನು ಅವರು ಕಂಠಾಭರಣವೆಂದು ಕರೆದಿದ್ದಾರೆ. (ಓದುಗರು ಕ್ಯಾಲ್ಕ್ಯುಲೇಟರ್ ಬದಿಗಿಟ್ಟು ಕೈಯಿಂದಲೇ ಗುಣಿಸಿ ನೋಡಲಿ, ಅದರ ಸವಿ ಬೇರೆ.) ಈ ಹಾರಗಳಿಂದ ಯಾವ ವ್ಯಾಪಾರಿಗೂ ಒಂದು ಕಾಸಿನ ಲಾಭವಾಗಿರಲಿಕ್ಕಿಲ್ಲ. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಹೇಳಿದವರೂ ಇವರೇ. ಸಾಲದ ಲೆಕ್ಕ ಬರೆಯುವ ಯಾವ ಗುಮಾಸ್ತನಿಗೆ ಆ ಪ್ರಶ್ನೆ ಹುಟ್ಟೀತು? ಬಡ್ಡಿಯ ಲೆಕ್ಕವನ್ನು ಅಷ್ಟು ಬಿಗಿಯಾಗಿ ಬರೆದ ಕೈಯೇ ಹಾರವನ್ನೂ ಪೋಣಿಸಿತು. ಒಂದನ್ನು ಅರ್ಥವೆಂದು, ಇನ್ನೊಂದನ್ನು ಅನರ್ಥವೆಂದು ಗೆರೆ ಎಳೆಯಲು ನನಗಂತೂ ಧೈರ್ಯವಿಲ್ಲ.

ಹಾಗೆಂದು ಬಿಡುವಿಗೆ ಮೇರೆಯೇ ಬೇಡವೆನ್ನುವಂತಿಲ್ಲ. ಕುತೂಹಲವೂ ಪರಿಗ್ರಹವಾಗಬಲ್ಲುದು. ಮೊಬೈಲಿನಲ್ಲಿ ಒಂದರ ಹಿಂದೊಂದು ದೃಶ್ಯ ಸರಿಸುತ್ತ ನಡುರಾತ್ರಿ ಮಾಡುವವನು ತಾನು ಲೋಕವನ್ನು ತಿಳಿಯುತ್ತಿದ್ದೇನೆ ಎಂದುಕೊಳ್ಳುತ್ತಾನೆ. ಮುಂದಿನದನ್ನು ಆರಿಸಿದವರು ಬೇರೆಯವರು. ಇಲ್ಲಿ ಸಾಮಾಯಿಕದ ಕ್ರಮ ನಮಗೆ ದಾರಿ ತೋರಿಸುತ್ತದೆ. ಅದರ ಕನಿಷ್ಠ ಅವಧಿ ಎರಡು ಘಳಿಗೆ, ಅಂದರೆ 48 ನಿಮಿಷ. ಕೂದಲಿಗೋ ಬಟ್ಟೆಗೋ ಹಾಕಿದ ಗಂಟು ಇರುವವರೆಗೆ ಎಂದು ಕಾಲವನ್ನು ಗೊತ್ತುಮಾಡಿಕೊಳ್ಳುವ ರೂಢಿಯನ್ನು ಸಮಂತಭದ್ರರೂ ಹೇಳಿದ್ದಾರೆ. ಕಾಲಕ್ಕೆ ಗಂಟು ಇದೆ. ಆದರೆ ಗಂಟು ಬಿಚ್ಚಿದ ಮೇಲೆ “ಎಷ್ಟು ಗಳಿಸಿದೆ?” ಎಂದು ಯಾರೂ ಖತಾವಣಿ ತೆರೆಯುವುದಿಲ್ಲ. ಸಾಮಾಯಿಕವೂ ಮುಕ್ತ ಅಧ್ಯಯನವೂ ಒಂದೇ ಎಂದು ನಾನು ಹೇಳುತ್ತಿಲ್ಲ. ವೇಳೆಗೆ ಮಿತಿಯಿಟ್ಟು ಫಲವನ್ನು ಕೇಳದಿರುವ ಕ್ರಮವನ್ನಷ್ಟೇ ಎರವಲು ಪಡೆಯಬಹುದು.

ಮೇರೆಯೂ ಎಲ್ಲ ಕಾಲಕ್ಕೆ ಒಂದೇ ಆಗಿರಬೇಕಿಲ್ಲ. ಕಬ್ಬೂರ, ಚಿಕ್ಕೋಡಿ, ರಾಯಬಾಗ ಕಡೆಯಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಬಿಡುವಿನ ಮಾತನ್ನು ಯಾರೂ ಎತ್ತುವುದಿಲ್ಲ, ಎತ್ತುವುದೂ ಸಲ್ಲದು.

ಈಚೆಗೆ ಒಂದು ಬಸದಿಯ ವಿಶ್ವಸ್ಥರು ಸಂಜೆಯ ಸ್ವಾಧ್ಯಾಯದ ವೇಳೆಯನ್ನು ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆ ಕೊಡುವ ವಿಚಾರ ಮಾಡಿದ್ದರು. ಸಭಾಭವನಕ್ಕೆ ಬರುವವರು ಏಳೆಂಟು ಜನ, ತರಬೇತಿಗೆ ಕಾದಿರುವ ಮಕ್ಕಳು ನಲವತ್ತು. ಲೆಕ್ಕದ ದೃಷ್ಟಿಯಿಂದ ಅವರ ಮಾತು ಸರಿ. ಮಕ್ಕಳಿಗೆ ನೌಕರಿ ಬೇಕು, ಅದನ್ನು ಹಗುರವಾಗಿ ಕಾಣುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ. ಮುಂಜಾನೆಯ ಎರಡು ತಾಸು ತರಬೇತಿಗೆ ಕೊಡಲಿ, ಸಂಜೆಯ ಒಂದು ತಾಸನ್ನು ಹಾಗೆಯೇ ಉಳಿಸಲಿ, ಅದಕ್ಕೆ ಹಾಜರಿ ಪುಸ್ತಕವನ್ನೂ ಇಡದಿರಲಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಸೀಮೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆ ಅವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದರು. 1935ರಲ್ಲಿ ಅವರು ಸಂಪಾದಿಸಿದ ಪ್ರವಚನಸಾರದ ಪೀಠಿಕೆಯೇ ನೂರು ಪುಟ ಮೀರಿದೆ. ಯಾವ ತರಗತಿಯ ಪಾಠಕ್ಕೂ ಅಷ್ಟು ಬೇಕಿರಲಿಲ್ಲ.

ಇನ್ನೊಂದು ಮಾತು. ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ನಮ್ಮ ಮನೆಗಳಲ್ಲಿ ರಾತ್ರಿಯ ಒಂದು ತಾಸು ತಾನಾಗಿಯೇ ಉಳಿಯುತ್ತದೆ. ಅದು ಯಾರಿಗೆ ಉಳಿಯುತ್ತದೆ ಎಂದು ನೋಡಬೇಕು. ಗಂಡಸರು ಗ್ರಂಥ ಬಿಚ್ಚಿದಾಗ ಹೆಣ್ಣುಮಕ್ಕಳು ಪಾತ್ರೆಯ ಮುಂದಿರುತ್ತಾರೆ, ಅಂಗಡಿಯ ಹಮಾಲರು ಇನ್ನೂ ಚೀಲ ಹೊರುತ್ತಿರುತ್ತಾರೆ. ಬೇರೆಯವರ ದಣಿವಿನ ಮೇಲೆ ನಿಂತ ಬಿಡುವಿನಲ್ಲಿ ಮಾತ್ರ ಆ ‘ದಂಡ’ ನಿಜವಾಗಿಯೂ ಸೇರಿಕೊಳ್ಳುತ್ತದೆ. ಎಷ್ಟೋ ಬಸದಿಗಳ ಶಾಸ್ತ್ರಸಭೆಗೆ ತಾಯಂದಿರು ಬಂದು ಕೂಡುವ ಹೊತ್ತಿಗೆ ಅರ್ಧ ಓದು ಮುಗಿದಿರುತ್ತದೆ. ಸಭೆಯನ್ನು ಅರ್ಧ ತಾಸು ತಡವಾಗಿ ಆರಂಭಿಸಲು ಯಾವ ವಿಶ್ವಸ್ಥ ಮಂಡಳಿಗೂ ಖರ್ಚಿಲ್ಲ.