ಬಿಟ್ಟುಕೊಟ್ಟ ಗೆಲವು

ಓಡುತ್ತಿರುವ ಮನುಷ್ಯನನ್ನು ಕಂಡರೆ ನಮ್ಮ ಹಳ್ಳಿಯ ಹಿರಿಯರು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಏನು ಕಳೆದುಹೋಯಿತು? ಯಾರು ಅಟ್ಟಿಸಿಕೊಂಡು ಬಂದರು? ಏನೂ ಕಳೆದುಹೋಗದೆ, ಬೆನ್ನ ಹಿಂದೆ ಯಾರೂ ಇಲ್ಲದೆ, ನಲವತ್ತರ ಅಂಚಿನ ಗೃಹಸ್ಥನೊಬ್ಬ ಚಡ್ಡಿ ತೊಟ್ಟು ಎಂಟು ಕಿಲೋಮೀಟರ್ ಓಡಿ, ಏದುಸಿರು ಬಿಡುತ್ತ, ನಗುನಗುತ್ತ ಮನೆಗೆ ಬರುವುದನ್ನು ಅವರಿಗೆ ವಿವರಿಸಿ ಹೇಳುವುದು ಕಷ್ಟವಾಗುತ್ತಿತ್ತು. ನನಗೂ ಅದು ಸುಲಭವಾಗಿ ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅರ್ಥವಾಗತೊಡಗಿದ್ದು ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದಾಗ, ಜೂನ್ ತಿಂಗಳ ಒಂದು ಬುಧವಾರದ ಸಂಜೆ.

ಅಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ನಮ್ಮಲ್ಲಿ ಬಿಸಿಲಿಗೆ ಹೆದರಿ ಓಟದ ಪಂದ್ಯಗಳನ್ನು ಬೆಳಗಿನ ಜಾವದಲ್ಲಿ ಇಟ್ಟುಕೊಳ್ಳುತ್ತೇವೆ. ಅವರಿಗೆ ಆ ಭಯವಿಲ್ಲ. ದಿನದ ಕೆಲಸ ಮುಗಿಸಿ, ಕಚೇರಿಯಿಂದಲೋ ಕಾರ್ಖಾನೆಯಿಂದಲೋ ನೇರವಾಗಿ ಬಂದು, ಏಳೂವರೆಗೆ ಓಟಕ್ಕೆ ನಿಲ್ಲುತ್ತಾರೆ. ಹೀಗಾಗಿ ಅದು ದಣಿದವರ ಪಂದ್ಯ. ಸುತ್ತಮುತ್ತಲಿನ ಊರುಗಳ ಓಟದ ಸಂಘಗಳು ವರ್ಷಕ್ಕೊಮ್ಮೆ ಹೀಗೆ ಒಂದೆಡೆ ಸೇರುತ್ತವೆ. ಬಹುಮಾನವೆಂದರೆ ಹೇಳಿಕೊಳ್ಳುವಂಥದೇನೂ ಅಲ್ಲ. ಕ್ರಿಕೆಟ್ ಮೈದಾನದ ಅಂಚಿನ ಒಂದು ಸಣ್ಣ ಕಟ್ಟಡದಲ್ಲಿ ಹೆಸರು ಬರೆಸಿ, ಎದೆಗೆ ಅಂಕೆಯ ಚೀಟಿ ಚುಚ್ಚಿಕೊಂಡು, ಬೇಲಿಸಾಲಿನ ನಡುವಿನ ಹಳ್ಳಿ ರಸ್ತೆಗಳಲ್ಲಿ ಐದು ಮೈಲಿ ಓಡಿ ಬರುವುದು. ಆತಿಥ್ಯ ವಹಿಸಿದ ಸಂಘದವರಲ್ಲಿ ಹೆಚ್ಚಿನವರು ಆ ದಿನ ಓಡುವುದಿಲ್ಲ. ತಿರುವು ತಿರುವಿನಲ್ಲಿ ಹಳದಿ ಅಂಗಿ ತೊಟ್ಟು ನಿಂತು ದಾರಿ ತೋರಿಸುತ್ತಾರೆ. ಕೊನೆಯವನು ದಾಟಿಹೋಗುವವರೆಗೆ ಅಲ್ಲಿಂದ ಕದಲುವುದಿಲ್ಲ.

ಇಂಥ ಸಂಘಗಳಿಗೆ ಆ ದೇಶದಲ್ಲಿ ನೂರೈವತ್ತು ವರ್ಷಕ್ಕೂ ಮಿಕ್ಕಿದ ವಯಸ್ಸು. ಲಂಡನ್ನಿನ ಪಕ್ಕದ ರೋಹ್ಯಾಂಪ್ಟನ್ನಿನಲ್ಲಿ ಥೇಮ್ಸ್ ಹೇರ್ ಅಂಡ್ ಹೌಂಡ್ಸ್ ಹುಟ್ಟಿದ್ದು 1868ರಲ್ಲಿ. ದೋಣಿ ನಡೆಸುವವರು ಚಳಿಗಾಲದಲ್ಲಿ ಮೈ ಜಡ್ಡುಗಟ್ಟದಿರಲೆಂದು ಅದನ್ನು ಕಟ್ಟಿಕೊಂಡರು. ಆ ಕಾಲದಲ್ಲಿ ಓಟದ ಸ್ನೇಹಕ್ಕೂ ಒಂದು ಹೊಸ್ತಿಲಿತ್ತು. ಕೈಕಸುಬಿನವರನ್ನೂ ಕೂಲಿಯವರನ್ನೂ ಹವ್ಯಾಸಿಗಳೆಂದು ಒಪ್ಪದ ನಿಯಮವನ್ನು 1866ರಲ್ಲಿ ಹುಟ್ಟಿದ ಒಂದು ಸಂಸ್ಥೆ ಇಟ್ಟುಕೊಂಡಿತ್ತು. ಅದು ಬಿದ್ದುಹೋಗಲು 1880ರ ಹೊಸ ಒಕ್ಕೂಟ ಬರಬೇಕಾಯಿತು. ನಾನು ಕಂಡ ಸಂಜೆ ವೈದ್ಯರೂ ವಿದ್ಯುತ್ ತಂತಿ ಜೋಡಿಸುವವರೂ ಒಂದೇ ಗೆರೆಯ ಹಿಂದೆ ನಿಂತಿದ್ದರು.

ಪಂದ್ಯದ ಲೆಕ್ಕಾಚಾರವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನನ್ನ ಪ್ರಶ್ನೆ ಹುಟ್ಟಿದ್ದೇ ಅದರಿಂದ. ಒಂದೊಂದು ಸಂಘದಿಂದ ಎಷ್ಟು ಜನ ಬೇಕಾದರೂ ಓಡಬಹುದು. ಆದರೆ ಮೊದಲು ಬಂದ ಆರು ಮಂದಿಯ ಸ್ಥಾನಗಳನ್ನು ಕೂಡುತ್ತಾರೆ. ಮೂರನೆಯವನಾಗಿ ಬಂದವನಿಗೆ ಮೂರು, ನಲವತ್ತನೆಯವನಿಗೆ ನಲವತ್ತು. ಮೊತ್ತ ಯಾವ ಸಂಘದ್ದು ಕಡಮೆಯೋ ಅದು ಗೆದ್ದಂತೆ. ಹೀಗಾಗಿ ಎಲ್ಲರಿಗಿಂತ ಮುಂದೆ ಬಂದವನ ಕಾಲಿಗೆ ಎಷ್ಟು ಬೆಲೆಯೋ ಆರನೆಯವನ ಕಾಲಿಗೂ ಅಷ್ಟೇ ಬೆಲೆ. ಏಳನೆಯವನೂ ವ್ಯರ್ಥನಲ್ಲ, ಎದುರು ಸಂಘದ ಒಬ್ಬನನ್ನು ಹಿಂದಿಕ್ಕಿದರೆ ಅವರ ಮೊತ್ತ ಒಂದು ಏರುತ್ತದೆ. ಮೂವತ್ತನೆಯ ಸ್ಥಾನಕ್ಕೂ ಮೂವತ್ತೊಂದನೆಯ ಸ್ಥಾನಕ್ಕೂ ಇಷ್ಟು ಗೌರವ ಕೊಡುವ ಲೆಕ್ಕವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ನಮ್ಮ ಪರೀಕ್ಷೆಗಳಲ್ಲಂತೂ ಇಲ್ಲ.

ನನ್ನ ತಮ್ಮ ಅವನ ಸಂಘದ ಆರನೆಯವನು. ಪಕ್ಕದ ಊರಿನ ಸಂಘದಲ್ಲಿ ಅವನಿಗೊಬ್ಬ ಗೆಳೆಯನಿದ್ದಾನೆ, ತಂತಿ ಜೋಡಿಸುವ ಕೆಲಸದವನು. ಇಬ್ಬರೂ ಒಂದೇ ಕಾರಿನಲ್ಲಿ ಬಂದಿದ್ದರು. ನಾನು ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಹಿಂದಿನ ವರ್ಷ ಆ ಗೆಳೆಯನಿಗೆ ಶಸ್ತ್ರಚಿಕಿತ್ಸೆಯಾಗಿ ಎಂಟು ತಿಂಗಳು ಓಡಿರಲಿಲ್ಲವಂತೆ. ಮತ್ತೆ ಪಂದ್ಯಕ್ಕೆ ನಿಲ್ಲುವುದು ಅಂದೇ ಮೊದಲು. ದಾರಿಯುದ್ದಕ್ಕೂ ತಮ್ಮ ಅವನಿಗೆ ಧೈರ್ಯ ಹೇಳುತ್ತ ಬಂದ. ನೀರು ಎಷ್ಟು ಕುಡಿಯಬೇಕು, ಮೊದಲ ಮೈಲಿಯಲ್ಲಿ ಎಷ್ಟು ನಿಧಾನಿಸಬೇಕು ಎಂದು ತಾಯಿಯಂತೆ ವಿಚಾರಿಸಿದ. ಓಟ ಮುಗಿಯುವ ಕಡೆ ನಾನು ನಿಂತಿದ್ದೆ. ಕೊನೆಯ ತಿರುವಿನಲ್ಲಿ ಮೊದಲು ಕಾಣಿಸಿಕೊಂಡವನು ಆ ಗೆಳೆಯ. ಮುಖ ಕೆಂಪಾಗಿತ್ತು, ಆದರೂ ಅದರಲ್ಲೊಂದು ಬೆಳಕಿತ್ತು. ಅವನ ಹಿಂದೆ ಇಪ್ಪತ್ತು ಗಜದಲ್ಲಿ ನನ್ನ ತಮ್ಮ. ಇನ್ನುಳಿದದ್ದು ಇನ್ನೂರು ಗಜ. ನನ್ನ ತಮ್ಮ ತಲೆ ತಗ್ಗಿಸಿ, ಹಲ್ಲು ಕಚ್ಚಿ, ಗೆರೆಗೆ ನಾಲ್ಕು ಹೆಜ್ಜೆ ಇರುವಾಗ ಅವನನ್ನು ಹಿಂದಿಕ್ಕಿಬಿಟ್ಟ. ಮೂವತ್ತೊಂದು, ಮೂವತ್ತೆರಡು.

ನನಗೆ ಕಸಿವಿಸಿಯಾಯಿತು. ರಾತ್ರಿ ಊಟದ ಹೊತ್ತಿಗೆ ಕೇಳಿಯೇ ಬಿಟ್ಟೆ: "ಅವನನ್ನು ಬಿಟ್ಟಿದ್ದರೆ ನಿನ್ನ ಗಂಟು ಏನು ಹೋಗುತ್ತಿತ್ತು? ಎಂಟು ತಿಂಗಳು ಹಾಸಿಗೆ ಹಿಡಿದಿದ್ದವನು!"

ತಮ್ಮ ಅನ್ನ ಕಲಸುತ್ತ ಹೇಳಿದ: "ಬಿಟ್ಟಿದ್ದರೆ ಅವನಿಗೆ ಗೊತ್ತಾಗಿಬಿಡುತ್ತಿತ್ತು, ಅಣ್ಣ."

"ಗೊತ್ತಾಗದ ಹಾಗೆ ಬಿಡಬೇಕಾಗಿತ್ತು."

"ಅದು ಇನ್ನೂ ಕೆಟ್ಟದ್ದು."

ಅಷ್ಟು ಹೇಳಿ ಸಾರು ಬಡಿಸಿಕೊಂಡ. ಅವನು ಎಂಜಿನಿಯರು, ಮಾತು ಬೆಳೆಸುವ ಅಭ್ಯಾಸ ನಮ್ಮ ಕಸುಬಿನವರದು. ಸಂಘದ ಉಳಿದ ಐವರಿಗೆ ತಾನು ಋಣಿ ಎಂಬುದನ್ನು ಅವನು ಎತ್ತಲೇ ಇಲ್ಲ. ಹಾಗೆ ಎತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಏಕೆಂದರೆ ಇನ್ನೊಬ್ಬರ ಗಂಟಿನಿಂದ ದಾನ ಮಾಡಬಾರದೆಂಬುದು ಎಲ್ಲರಿಗೂ ತಿಳಿದ ನ್ಯಾಯ. ಆದರೆ ಅವನು ಹೇಳಿದ್ದು ಬೇರೆಯೇ. ಗೊತ್ತಾಗದ ಹಾಗೆ ಬಿಟ್ಟುಕೊಡುವುದು ಗೊತ್ತಾಗುವ ಹಾಗೆ ಬಿಟ್ಟುಕೊಡುವುದಕ್ಕಿಂತ ಹೇಗೆ ಕೆಟ್ಟದ್ದು? ವಿಮಾನದಲ್ಲಿ ಹಿಂದಿರುಗುವಾಗಲೂ ಇದೇ ಚಿಂತೆ.

ಕನ್ನಡದ ಹಳೆಯ ಮಾತು 'ಹುರುಡು'. ಅದಕ್ಕೆ ಪೈಪೋಟಿ ಎಂಬ ಅರ್ಥವೂ ಉಂಟು, ಹೊಟ್ಟೆಕಿಚ್ಚು ಎಂಬ ಅರ್ಥವೂ ಉಂಟು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ ನಮ್ಮ ಹಿರಿಯರು ಲೋಕಾನುಭವಿಗಳೇ ಸರಿ; ಒಂದು ಇನ್ನೊಂದಾಗಿ ತಿರುಗುವುದಕ್ಕೆ ಎಷ್ಟು ಹೊತ್ತು ಬೇಕು? ಆದ್ದರಿಂದಲೇ ನಮ್ಮ ಮನೆಗಳಲ್ಲಿ ಸ್ನೇಹವಿರುವ ಕಡೆ ಪೈಪೋಟಿ ಬೇಡವೆಂದು ಕಲಿಸುತ್ತಾರೆ. ಚೌಕಾಬಾರದಲ್ಲಿ ಮಗುವಿನ ಕಾಯಿಯನ್ನು ಅಜ್ಜಿ ಕಡಿಯುವುದಿಲ್ಲ. ಸರಿಯೇ. ಆದರೆ ಮಗುವಿಗೆ ಎಂಟು ವರ್ಷವಾದಾಗ ಒಂದು ದಿನ ಅದು ಅಜ್ಜಿಯ ಕೈ ಹಿಡಿದು, "ಕಡಿ, ನೀನು ಬೇಕಂತಲೇ ಬಿಡ್ತೀಯ" ಎಂದು ಅಳುತ್ತದೆ. ಗೆದ್ದದ್ದಕ್ಕೆ ಅಳುವುದೆಂದರೇನು? ಇದುವರೆಗಿನ ಗೆಲವುಗಳೆಲ್ಲ ತನ್ನವಲ್ಲವೆಂದು ಅದಕ್ಕೆ ಹೊಳೆದಿರುತ್ತದೆ.

ರಿಯಾಯಿತಿಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಅದೇ ಸಂಘಗಳಲ್ಲಿ ಇನ್ನೊಂದು ಬಗೆಯ ಓಟವೂ ಉಂಟು. ನಿಧಾನದವರನ್ನು ಮೊದಲು ಬಿಡುತ್ತಾರೆ. ವೇಗದವರು ಹತ್ತು ಹದಿನೈದು ನಿಮಿಷ ಕಾಯುತ್ತಾರೆ. ಎಲ್ಲವೂ ಸರಿಹೋದರೆ ಎಲ್ಲರೂ ಹೆಚ್ಚುಕಡಮೆ ಒಟ್ಟಿಗೆ ಬಂದು ಮುಟ್ಟಬೇಕು. ಅಲ್ಲಿ ಕೊಟ್ಟದ್ದೆಷ್ಟು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಅದನ್ನು ಕಳೆದು ತನ್ನ ಅಳತೆಯನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದು. (ಅಲ್ಲಿಯೂ ಹಿಂದಿನ ಓಟಗಳಲ್ಲಿ ಬೇಕೆಂದೇ ಕುಂಟಿ, ಹೆಚ್ಚು ನಿಮಿಷ ಗಿಟ್ಟಿಸಿಕೊಳ್ಳುವ ಚತುರರು ಇರುತ್ತಾರೆ. ಶಕ್ತಿ ಇದ್ದರೂ ಇಲ್ಲವೆಂದು ನಟಿಸುವ ಆಸೆ ಮನುಷ್ಯನಿಗೆ ಹುಟ್ಟುವುದು ಇಂಥ ಕಡೆಯಲ್ಲೇ.) ಅಳೆದು, ಎದುರಿನಲ್ಲಿ ಕೊಟ್ಟದ್ದು ಸಹಾಯ. ಅಳೆಯದೆ, ಮರೆಯಲ್ಲಿ ಕೊಟ್ಟದ್ದಕ್ಕೆ ಏನೆಂದು ಹೆಸರಿಡುವುದು?

2012ರ ಡಿಸೆಂಬರಿನಲ್ಲಿ ಸ್ಪೇನಿನ ನವಾರ್ರಾ ಪ್ರಾಂತದ ಬುರ್ಲಾಡಾದಲ್ಲಿ ನಡೆದ ಓಟವೊಂದರ ಕಥೆ ಬಹಳ ಜನರಿಗೆ ಗೊತ್ತು. ಅದೇ ವರ್ಷ ಲಂಡನ್ ಒಲಿಂಪಿಕ್ಸಿನ ಸ್ಟೀಪಲ್‌ಚೇಸಿನಲ್ಲಿ ಕಂಚು ಗೆದ್ದಿದ್ದ ಕೀನ್ಯಾದ ಅಬೆಲ್ ಮುತಾಯಿ ಮುಂದಿದ್ದ. ಗುರಿ ಮುಟ್ಟಿದೆನೆಂದು ತಪ್ಪು ತಿಳಿದು ಕೆಲವು ಗಜ ಮೊದಲೇ ನಿಧಾನಿಸಿದ. ಹಿಂದೆ ಬಂದ ಇವಾನ್ ಫರ್ನಾಂಡಿಸ್ ಅನಾಯ ಅವನನ್ನು ದಾಟದೆ, ಭಾಷೆ ಬಾರದ್ದರಿಂದ ಕೈಸನ್ನೆ ಮಾಡಿ, ಅವನನ್ನೇ ಮುಂದೆ ಕಳಿಸಿ ತಾನು ಎರಡನೆಯವನಾದ. ಜಗತ್ತು ಹೊಗಳಿತು. ಅವನ ತರಬೇತುದಾರ, 1995ರ ವಿಶ್ವ ಮ್ಯಾರಥಾನ್ ವಿಜೇತ ಮಾರ್ಟಿನ್ ಫಿಜ್ ಮಾತ್ರ, ತಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲವೆಂದು ಹೇಳಿದ. ಮೊದಲು ಓದಿದಾಗ ನಾನು ಗುರುವನ್ನು ಮನಸ್ಸಿನಲ್ಲೇ ಬೈದಿದ್ದೆ. ಈಗಲೂ ಶಿಷ್ಯನ ಪಕ್ಷವೇ; ಆದರೆ ಕಾರಣ ಬೇರೆ. ಅವನು ಉದಾರಿಯಾದದ್ದರಿಂದಲ್ಲ. ಯಾರು ಮುಂದಿದ್ದರೋ ಅವರು ಮುಂದೆ ಎಂಬ ನಿಜವನ್ನು ಅವನು ಒಂದು ಪೊರಪಾಟಿನಿಂದ ಕಾಪಾಡಿದ. ಅವನು ಕೊಟ್ಟದ್ದು ಮುತಾಯಿಯ ಸೊತ್ತನ್ನೇ ಮುತಾಯಿಗೆ. ನನ್ನ ತಮ್ಮ ನಿಧಾನಿಸಿದ್ದರೆ ಕೊಡುತ್ತಿದ್ದುದು ಅದಲ್ಲ.

ಇಂಗ್ಲೆಂಡಿನ ಜಾನ್ ಟ್ಯಾರಂಟ್ ಹದಿಹರೆಯದಲ್ಲಿ ಮುಷ್ಟಿಕಾಳಗಗಳಿಂದ ಒಟ್ಟು 17 ಪೌಂಡು ಪಡೆದದ್ದಕ್ಕಾಗಿ ಹವ್ಯಾಸಿಗಳ ಪಂದ್ಯಗಳಿಂದ ಹೊರಗಾದ. 1956ರಿಂದ ಅವನು ಎದೆಯ ಮೇಲೆ ಅಂಕೆಯಿಲ್ಲದೆ, ಕರೆಯದೆ, ಗುಂಪಿನೊಳಕ್ಕೆ ನುಗ್ಗಿ ಓಡತೊಡಗಿದ. ಪತ್ರಿಕೆಗಳು ಅವನನ್ನು ಭೂತದ ಓಟಗಾರನೆಂದವು. ಗೆದ್ದರೂ ಪಟ್ಟಿಯಲ್ಲಿ ಹೆಸರಿಲ್ಲ, ಬಹುಮಾನವಿಲ್ಲ. ಮತ್ತೇನು ಬೇಕಾಗಿತ್ತು ಅವನಿಗೆ? ಪೂರ್ಣ ಶಕ್ತಿಯಿಂದ ಓಡುವ ಇತರರ ಪಕ್ಕದಲ್ಲಿ ತಾನು ಎಷ್ಟರವನು ಎಂದು ತಿಳಿಯಬೇಕಾಗಿತ್ತು. ಇದನ್ನು ಮನುಷ್ಯ ತಾನೊಬ್ಬನೇ ತಿಳಿದುಕೊಳ್ಳಲಾರ.

ಇನ್ನು ನನ್ನ ಮಾತು. ನಾನು ಎಂ.ಎ. ಮುಗಿಸಿದ ಮರುವರ್ಷ ಒಂದು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕರ ಒಂದೇ ಒಂದು ಹುದ್ದೆ ಖಾಲಿಯಿತ್ತು. ನಾನೂ ಅರ್ಜಿ ಹಾಕಿದೆ, ನನ್ನ ಸಹಪಾಠಿಯೂ ಹಾಕಿದ. ಒಂದೇ ಕೊಠಡಿಯಲ್ಲಿ ಎರಡು ವರ್ಷ ಇದ್ದವರು. ತರಗತಿಯಲ್ಲಿ ಒಮ್ಮೆ ಅವನು ಮೇಲೆ, ಒಮ್ಮೆ ನಾನು; ಹಳಗನ್ನಡದಲ್ಲಿ ಅವನ ಕೈ, ಮಾತಿನಲ್ಲಿ ನನ್ನದು. ಸಂದರ್ಶನದ ದಿನ ಅವನು ಬರಲಿಲ್ಲ. ಕೆಲಸ ನನಗೆ ಸಿಕ್ಕಿತು. ಅದರ ಅನ್ನವನ್ನು ಇಪ್ಪತ್ತು ವರ್ಷದಿಂದ ಉಣ್ಣುತ್ತಿದ್ದೇನೆ. ಏಳು ವರ್ಷದ ಮೇಲೆ ಒಂದು ಮದುವೆ ಮನೆಯಲ್ಲಿ ಅವನ ಊರಿನವರೊಬ್ಬರು ಸಿಕ್ಕಿ, ಆ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಬಂದಿದ್ದನೆಂದೂ, ಬಸ್ಸು ಬಂದು ಹೊರಟುಹೋದ ಮೇಲೆ ಎದ್ದು ಮನೆಗೆ ನಡೆದನೆಂದೂ ಸಹಜವಾಗಿ ಹೇಳಿದರು. ಅವನಿಗೆ ಎರಡು ಎಕರೆ ಅಡಕೆ ತೋಟವಿತ್ತು. ನನಗೆ ಮದುವೆಯಾಗದ ಇಬ್ಬರು ತಂಗಿಯರಿದ್ದರು. ಅದು ಅವನಿಗೆ ಗೊತ್ತಿತ್ತು.

ಕೆಲಸವೆಂದರೆ ಓಟವಲ್ಲ ಎನ್ನುವಿರಿ. ನಿಜ. ಓಟದಲ್ಲಿ ಸೋತವನು ಚಹ ಕುಡಿದು ಮನೆಗೆ ಹೋಗುತ್ತಾನೆ. ಇಲ್ಲಿ ಒಂದು ಸಂಸಾರದ ಹೊಟ್ಟೆಪಾಡು. ಅವನ ಲೆಕ್ಕ ತಪ್ಪೆಂದು ಹೇಳಲು ನನಗೆ ಬಾಯಿಲ್ಲ. ತಂಗಿಯರ ಮದುವೆ ಆ ಸಂಬಳದಲ್ಲೇ ಆಯಿತು. ಆದರೂ ಅಂದಿನಿಂದ, ಯಾರಾದರೂ ನನ್ನ ಪಾಠ ಚೆನ್ನಾಗಿತ್ತೆಂದರೆ, ಒಂದು ಖಾಲಿ ಕುರ್ಚಿ ಕಣ್ಣೆದುರು ಬರುತ್ತದೆ. ಅವನು ಬಂದಿದ್ದರೆ ನಾನು ಸೋಲುತ್ತಿದ್ದೆನೋ ಗೆಲ್ಲುತ್ತಿದ್ದೆನೋ ಇನ್ನು ತಿಳಿಯುವಂತಿಲ್ಲ. ಕೆಲಸ ಕೊಟ್ಟ, ಆ ಒಂದು ತಿಳಿವನ್ನು ತೆಗೆದುಕೊಂಡ. ಕೃತಜ್ಞತೆಯೂ ಸಿಟ್ಟೂ ಒಂದೇ ಹೆಸರಿಗೆ ಅಂಟಿಕೊಂಡಿದ್ದರಿಂದಲೋ ಏನೋ, ಅವನ ಊರಿನ ಕಡೆಗೆ ನಾನು ಹೋಗುವುದೇ ಕಡಮೆಯಾಗಿತ್ತು.

ಇಂಗ್ಲೆಂಡಿನಿಂದ ಬಂದ ಮೇಲೆ ಒಂದು ಭಾನುವಾರ ಹೋದೆ. ಜಗಲಿಯಲ್ಲಿ ಕುಳಿತು ಅವನಿಗೆ ಆ ಸಂಜೆಯ ಓಟವನ್ನೆಲ್ಲ ಹೇಳಿದೆ. ತಮ್ಮ ಊಟದಲ್ಲಿ ಆಡಿದ ಮಾತನ್ನೂ ಹೇಳಿದೆ. ಆಮೇಲೆ ಧೈರ್ಯ ಮಾಡಿ, ಆ ದಿನ ನೀನು ಏಕೆ ಬರಲಿಲ್ಲವೆಂದು ಕೇಳಿದೆ.

"ಬಸ್ಸು ತಪ್ಪಿತು ಕಣೋ," ಎಂದ.

ನಾನು ಸುಮ್ಮನಿದ್ದೆ. ಅವನೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡಕತ್ತರಿ ಕೈಗೆ ತೆಗೆದುಕೊಂಡ.

"ಆ ಕಾಯಿಲೆಯಿಂದ ಎದ್ದು ಬಂದ ಗೆಳೆಯ, ಮತ್ತೆ ನಿನ್ನ ತಮ್ಮನ ಕಾರಿನಲ್ಲೇ ಮನೆಗೆ ಹೋದನೇನೋ?"

"ಹ್ಞೂ, ಅದೇ ಕಾರಿನಲ್ಲಿ. ಇಬ್ಬರೂ ಬರುವ ವರ್ಷದ ಓಟದ ಮಾತೇ ಆಡುತ್ತಿದ್ದರು."

ಅವನು ಒಂದು ಅಡಕೆಯನ್ನು ಎರಡು ಹೋಳು ಮಾಡಿ, ಒಂದನ್ನು ನನ್ನ ಕಡೆ ಚಾಚಿದ.