ಅವಯವಿಯ ನೆಲೆ

ನೂಲುಗಳು ಕೂಡಿ ಹುಟ್ಟಿದ ವಸ್ತ್ರವು ಆ ನೂಲುಗಳಿಗಿಂತ ಬೇರೆಯಾದುದೆಂದು ನ್ಯಾಯ-ವೈಶೇಷಿಕರು ಸಾಧಿಸಿದರೆ, ಅವಯವಗಳನ್ನು ಬಿಟ್ಟು ಅವಯವಿ, ಅಂದರೆ ಅವುಗಳಿಂದಾದ ಇಡಿ, ಎಂಬುದು ಬರಿಯ ವ್ಯವಹಾರದ ಹೆಸರೆಂದು ಬೌದ್ಧರು ವಾದಿಸಿದರು. ಮಿಲಿಂದ ರಾಜನ ರಥವನ್ನು ಭಿಕ್ಷು ನಾಗಸೇನನು ಗಾಲಿ, ಅಚ್ಚು, ನೊಗಗಳೆಂದು ಬಿಡಿಸಿ ವಿಚಾರಿಸಿದ್ದು ಇದರ ಪ್ರಸಿದ್ಧ ನಿದರ್ಶನ. ಪಂಡಿತರ ಪಾಲಿಗೆಂದೇ ನಾವು ಬಿಟ್ಟುಕೊಟ್ಟಿರುವ ಈ ಜಿಜ್ಞಾಸೆಯು, ಹುಬ್ಬಳ್ಳಿಯ ಕಚೇರಿಯೊಂದು ತನ್ನ ಲಿನಕ್ಸ್ ಸರ್ವರಿಗೆ ರೇಡ್ ಕಾರ್ಡನ್ನು ಕೊಳ್ಳಹೊರಟಾಗ, ಕೊಟೇಷನ್ನುಗಳ ನಡುವಿನಿಂದಲೇ ಮರಳಿ ತಲೆಯೆತ್ತುತ್ತದೆ.

1988ರಲ್ಲಿ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ವಿದ್ವಾಂಸರು ನಿರೂಪಿಸಿದ ರೇಡ್ ಎಂಬ ಏರ್ಪಾಡಿನಲ್ಲಿ ಹಲವು ಡಿಸ್ಕುಗಳು ಕೂಡಿ ಒಂದೇ ಆಗಿ ತೋರುತ್ತವೆ. ಅದರ ಒಂದು ಬಗೆಯಾದ ರೇಡ್ 5ರಲ್ಲಿ ಮಾಹಿತಿಯೊಡನೆ ಪ್ಯಾರಿಟಿಯೆಂಬ ತಾಳೆಯ ಲೆಕ್ಕವೂ ಎಲ್ಲ ಡಿಸ್ಕುಗಳಿಗೆ ಹಂಚಿಹೋಗಿರುವುದರಿಂದ, ಯಾವುದಾದರೊಂದು ಕೆಟ್ಟರೂ ಅದರಲ್ಲಿದ್ದುದನ್ನು ಉಳಿದವುಗಳಿಂದ ಲೆಕ್ಕಹಾಕಿ ಪಡೆಯಬಹುದು. ನೂಲೊಂದನ್ನು ಕಿತ್ತರೆ ಹಳೆಯ ವಸ್ತ್ರವು ನಾಶವಾಗಿ ಹೊಸದೊಂದು ಹುಟ್ಟುವುದೆನ್ನುವ ವೈಶೇಷಿಕನು ಇಲ್ಲಿ ತಬ್ಬಿಬ್ಬಾದಾನು. ಆದರೆ ಬೌದ್ಧನೂ ಹಿಗ್ಗುವಂತಿಲ್ಲ. ಈ ಕೂಡಿಕೆಯನ್ನು ನಡೆಸುವ ಕಾರ್ಡು ಸುಟ್ಟ ದಿನ ಡಿಸ್ಕುಗಳೆಲ್ಲ ಅಕ್ಷತವಾಗಿದ್ದೂ, ಯಾವುದರ ತರುವಾಯ ಯಾವುದು, ಎಷ್ಟೆಷ್ಟು ತುಂಡಾಗಿ ಹಂಚಿದೆ ಎಂಬ ಕ್ರಮವನ್ನು ಬಲ್ಲವರಿಲ್ಲದೆ ಇಡಿಯೇ ಇಲ್ಲವಾಗುತ್ತದೆ. ಆ ಕ್ರಮವನ್ನು ಕಾರ್ಡು ಡಿಸ್ಕುಗಳ ಮೇಲೆಯೂ ಬರೆದಿಡುವುದುಂಟು. ಆದರೆ ಬಹುಮಟ್ಟಿಗೆ ತನ್ನ ತಯಾರಕನ ರೀತಿಯಲ್ಲಿ, ಅದೇ ವಂಶದ ಮತ್ತೊಂದು ಕಾರ್ಡು ಮಾತ್ರ ಸಲೀಸಾಗಿ ಓದುವಂತೆ.

ಅವಯವಿಯ ನೆಲೆ ಕ್ರಮದಲ್ಲಿದೆ ಎನ್ನುವುದಾದರೆ, ಆ ಕ್ರಮವನ್ನು ಯಾರ ವಶಕ್ಕೆ ಒಪ್ಪಿಸಬೇಕು? ಧಾರವಾಡದಲ್ಲಿ 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನಾ ಸಂಸ್ಥೆಯಂಥ ಹಸ್ತಪ್ರತಿ ಭಂಡಾರಗಳಲ್ಲಿ ಓಲೆಯ ಕಟ್ಟುಗಳನ್ನು ಕಂಡವರಿಗೆ ಉತ್ತರವು ಕಣ್ಣೆದುರೇ ಇದೆ. ಗರಿಗಳ ರಂಧ್ರದಲ್ಲಿ ದಾರವನ್ನು ಪೋಣಿಸಿ ಕಟ್ಟಿದ ಮೇಲೂ ಲಿಪಿಕಾರನು ದಾರವನ್ನೇ ನಂಬಿ ಕೂರಲಿಲ್ಲ. ಕಂಠವೆಂಬ ಲೋಹದ ಲೇಖನಿಯಿಂದ ಕೊರೆದು ಮಸಿ ತೀಡಿದ ಅಂಕಿಯನ್ನು ಗರಿಯ ಅಂಚಿನಲ್ಲಿ ನಿಲ್ಲಿಸಿದನು. ದಾರ ಹರಿದು ಗರಿಗಳು ಚೆದುರಿದರೂ ಅಂಕಿ ಬಲ್ಲ ಯಾರಾದರೂ ಗ್ರಂಥವನ್ನು ಮತ್ತೆ ಜೋಡಿಸಬಲ್ಲರು. ಕಾರ್ಡಿಲ್ಲದೆ ತಂತ್ರಾಂಶದಿಂದಲೇ ನಡೆಯುವ ಲಿನಕ್ಸಿನ ಸ್ವಂತ ಎಂಡಿ ರೇಡ್ ಮಾಡುವುದೂ ಇದನ್ನೇ: ಪ್ರತಿಯೊಂದು ಡಿಸ್ಕಿನ ವಿವರಪಟ್ಟಿಯಾದ ಸೂಪರ್‌ಬ್ಲಾಕಿನಲ್ಲಿ ಇಡೀ ಸಮೂಹದ ಗುರುತೂ ತನ್ನ ಸ್ಥಾನವೂ ಬಹಿರಂಗವಾದ ರೀತಿಯಲ್ಲಿ ಲಿಖಿತವಾಗಿರುವುದರಿಂದ, ಬೇರೊಂದು ಲಿನಕ್ಸ್ ಯಂತ್ರಕ್ಕೆ ಜೋಡಿಸಿದರೂ ಎಂಡಿಎಡಿಎಂ ಎಂಬ ಅದರ ಸಲಕರಣೆಯು ಡಿಸ್ಕುಗಳನ್ನು ಕೂಡಿಸಿ ನಿಲ್ಲಿಸುತ್ತದೆ. ನನ್ನ ಒಲವು ಈ ಕಡೆಗೆ.

ಕಾರ್ಡಿನ ಪಕ್ಷದಲ್ಲಿ ಹೇಳತಕ್ಕದ್ದೂ ಉಂಟು. ಅದು ಡಿಸ್ಕಿಗೆ ಮುಟ್ಟಿಸುವ ಮೊದಲೇ ‘ಬರೆದಾಯಿತು’ ಎಂದು ವೇಗವಾಗಿ ಉತ್ತರಿಸುತ್ತದೆ. ನಡುವೆ ಕರೆಂಟು ಹೋದರೂ ಆ ಮಾತು ಸುಳ್ಳಾಗದಂತೆ ಅದರ ತಾತ್ಕಾಲಿಕ ಸ್ಮೃತಿಯಾದ ಕ್ಯಾಷನ್ನು ಬ್ಯಾಟರಿಯೋ ಕೆಪಾಸಿಟರೋ ಕಾಯುತ್ತದೆ. ಅಂಥ ರಕ್ಷಣೆಯಿಲ್ಲದ ಕಾರ್ಡಿನ ವೇಗವು ಅನೃತದ ಸಾಲ, ಅಂಥದನ್ನು ಕೊಳ್ಳಲಾಗದು. ರಕ್ಷಣೆಯುಳ್ಳದ್ದನ್ನು ಕೊಳ್ಳುವವರು, ಅವಯವ-ಅವಯವಿಗಳನ್ನು ಬೆಸೆಯುವ ಸಮವಾಯವೆಂಬ ಸಂಬಂಧವನ್ನು ವೈಶೇಷಿಕರು ಒಂದು ಬೇರೆ ಪದಾರ್ಥವೆಂದೇ ಎಣಿಸಿದಂತೆ, ಅದೇ ಮಾದರಿಯ ಎರಡನೆಯ ಕಾರ್ಡೊಂದನ್ನು ಕೊಟೇಷನ್ನಿನಲ್ಲಿ ಬೇರೆ ಸಾಲಾಗಿಯೇ ಬರೆಯಿಸತಕ್ಕದ್ದು.